ನೆಲಕ್ಕೆ ಮಲಗಿದ ಹೊಸಿಲು

ನನ್ನ ಅಪ್ಪ ಕೆಂಚಯ್ಯ ಯಸಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಪಲ್ಪರ್ ನಡೆಸುತ್ತಿದ್ದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರಕ್ಕೆ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಕೆಲಸ. ಉಳಿದ ಕಾಲದಲ್ಲಿ ಅಪ್ಪನನ್ನು ಎಲ್ಲದಕ್ಕೂ ಕರೆಯುತ್ತಿದ್ದರು. ನೀರೆತ್ತದ ಪಂಪು, ಸರಿಯಾಗಿ ಕೂರದ ಸ್ಟೋರ್ ಬಾಗಿಲು, ಲೆಕ್ಕ ಬರೆಯುವ ರೈಟರ ಮನೆಯ ಸೋರುವ ನಲ್ಲಿ. ಯಾವುದೇ ಆಗಲಿ, ಬಿಚ್ಚಿದ ಭಾಗಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು, ಬೀಡಿ ಹಚ್ಚಿ, ಸುಮ್ಮನೆ ನೋಡುತ್ತ ಕೂರುತ್ತಿದ್ದ. ಬೀಡಿ ಮುಗಿಯುವಷ್ಟರಲ್ಲಿ ಏನೋ ಹೊಳೆದಿರುತ್ತಿತ್ತು. ಹೊಳೆಯದಿದ್ದರೆ ಇನ್ನೊಂದು ಬೀಡಿ.

ನಾನು ಅವನ ಮೊದಲ ಮಗು, ಚಂದ್ರಿಕಾ. ಹೆಜ್ಜೆ ಹಾಕಲು ಕಲಿತು ಇನ್ನೂ ಸ್ವಲ್ಪ ದಿನವಾಗಿತ್ತಂತೆ, ಜ್ವರ ಬಂತು. ಜ್ವರ ಇಳಿದಾಗ ಎರಡು ಕಾಲಲ್ಲೂ ಬಲ ಇರಲಿಲ್ಲ. ಪೋಲಿಯೊ ಅಂದರು. ಅವ್ವ ಭೂತಮ್ಮ ನನ್ನನ್ನು ಸೊಂಟದ ಮೇಲೆ ಹೊತ್ತು, ಹೇಳಿದ ಆಸ್ಪತ್ರೆಗಳನ್ನೆಲ್ಲ, ಹೇಳಿದ ದೇವರುಗಳನ್ನೆಲ್ಲ ಸುತ್ತಿದಳು. ಕೊನೆಗೊಬ್ಬ ಡಾಕ್ಟರು ಇನ್ನು ಸುತ್ತಬೇಡಿ ಅಂದ ದಿನ, ಬಸ್ಸಿನಲ್ಲಿ ಅವ್ವ ಅಳುತ್ತಿದ್ದಾಗ ಅಪ್ಪ ಹೇಳಿದನಂತೆ: "ಕಾಲ್ಗೆ ಬಲ ತರೋದು ನನ್ ಕೈಲಿ ಆಗಲ್ಲ ಕಣೆ. ನಡೀದೆ ಏನೇನ್ ಮಾಡ್ಬೋದು ನೋಡಾಣ."

ಅವನು ಮೊದಲು ಮಾಡಿದ್ದು ಗಾಲಿಮಣೆ. ಹಲಸಿನ ಹಲಗೆಯ ಒಂದು ಮಣೆ, ಅದರ ಕೆಳಗೆ ಗುಜರಿಗೆ ಹಾಕಿದ ಪಂಪಿನ ಬೇರಿಂಗುಗಳು. ನಾವಿದ್ದ ಆಳುಗಳ ಲೈನ್ ಮನೆಯ ಸೆಗಣಿ ಸಾರಿಸಿದ ನೆಲದಲ್ಲಿ ಅದು ಓಡಲಿಲ್ಲ. ಎಸ್ಟೇಟಿನಲ್ಲಿ ನಯವಾದ ನೆಲ ಅಂತ ಇದ್ದುದು ಕಾಫಿ ಒಣಗಿಸುವ ಕಣ ಮಾತ್ರ. ಕೊಯ್ಲು ಮುಗಿದು ಕಣ ಖಾಲಿಯಾದ ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಅಲ್ಲಿಗೆ ಎತ್ತಿಕೊಂಡು ಹೋಗಿ, ಮಣೆಯ ಮೇಲೆ ಕೂರಿಸಿ, ಬೆನ್ನಿಗೊಂದು ಸಣ್ಣ ನೂಕು ಕೊಟ್ಟ. ಬೇರಿಂಗು ಗರಗರ ಅನ್ನುತ್ತ ಓಡಿತು. ನಿಂತಾಗ ನಾನು ಕಣದ ಆ ತುದಿಯಲ್ಲಿದ್ದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಅಷ್ಟು ದಿನಗಳಲ್ಲಿ ನನ್ನ ಪಕ್ಕದಲ್ಲಿ ಯಾರೂ ಇಲ್ಲದೆ ಇದ್ದದ್ದು ಅದೇ ಮೊದಲು. ಹೆದರಿ ಕೂಗಿದೆ.

"ಅಪ್ಪಾ!"

"ನೀನೇ ಬಾ," ಅಂದ, ಆ ಕಡೆಯಿಂದ. "ನಾ ಬರಲ್ಲ."

ಅಳತೊಡಗಿದೆ. ಅವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದ. ಆಮೇಲೆ ಎರಡು ಕೈಯನ್ನೂ ನೆಲಕ್ಕೆ ಊರಿ, ತಳ್ಳಿಕೊಂಡು, ಅಂಗೈ ಉರಿಸಿಕೊಂಡು ಅವನ ಹತ್ತಿರ ಬಂದೆ. ಮಾರನೆಯ ದಿನ ಹಳೇ ಟೈರು ಕತ್ತರಿಸಿ ನನ್ನ ಅಂಗೈಗೆ ಎರಡು ಪಟ್ಟಿ ಮಾಡಿಕೊಟ್ಟ.

ಚಿಕ್ಕಂದಿನಲ್ಲಿ ನಾನು ದಿನವಿಡೀ ಕೂಗುತ್ತಿದ್ದೆ. ನೀರು ಬೇಕು, ಕೂಗು. ಹೊರಗೆ ಹೋಗಬೇಕು, ಕೂಗು. ಸಂಜೆ ಅಪ್ಪ ಬಂದ ಮೇಲಂತೂ ಬೇರೆ ಯಾರನ್ನೂ ಕರೆಯುತ್ತಿರಲಿಲ್ಲ. ಅವನು ಎತ್ತಿಕೊಂಡರೆ ಗ್ರೀಸಿನ ವಾಸನೆ, ಬೀಡಿಯ ವಾಸನೆ. ಆದರೆ ನಾನು ಯಾವುದಕ್ಕೆ ಹೆಚ್ಚು ಕೂಗುತ್ತೇನೋ ಅದನ್ನೇ ಅವನು ಹಿಡಿದುಕೊಳ್ಳುತ್ತಿದ್ದ. ಹಂಡೆಯ ಬುಡಕ್ಕೆ ತೂತು ಕೊರೆದು ನನಗೆಟಕುವಂತೆ ನಲ್ಲಿ ಕೂರಿಸಿದ. ಮಂಚದ ಮೇಲೆ ತೊಲೆಯಿಂದ ಗಂಟು ಹಾಕಿದ ಹಗ್ಗ ಇಳಿಬಿಟ್ಟ. ಗಂಟು ಹಿಡಿದು ಏಳಬಹುದಿತ್ತು. ಬಚ್ಚಲಿಗೆ ಅಡ್ಡಗಂಬಿ ಬಂತು. ಶಾಲೆಯ ಮೆಟ್ಟಿಲಿನ ಪಕ್ಕದಲ್ಲಿ ಒಂದು ಭಾನುವಾರ ತಾನೇ ಕಲ್ಲು ಮಣ್ಣು ಹೊತ್ತು ಇಳಿಜಾರು ಹಾಕಿ ಬಂದ. ಒಂದೊಂದು ಬಂದ ಹಾಗೂ ನಾನು ಅವನನ್ನು ಕರೆಯಬೇಕಾದ ಒಂದೊಂದು ಕೆಲಸ ಕಡಿಮೆಯಾಯಿತು.

ಅದು ಅವನಿಗೂ ಗೊತ್ತಾಗುತ್ತಿತ್ತು ಅಂತ ಈಗ ಅನಿಸುತ್ತದೆ. ಬಚ್ಚಲ ಕಂಬಿ ಹಾಕಿದ ಸಂಜೆ ಅವನು ಜಗಲಿಯಲ್ಲಿ ಕೂತು ಕೇಳಿದ್ದ, "ಏನಾರ ಬೇಕೇನವ್ವ?"

"ಏನೂ ಬ್ಯಾಡಪ್ಪ."

"ಹೂಂ," ಅಂದು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದ. "ನೀರ್ ಗೀರು?"

ಅಪ್ಪ ಎಸ್ಟೇಟಿನ ಕೆಲಸ ಬಿಟ್ಟ ಮೇಲೆ ನಾವು ಲೈನ್ ಮನೆಯಲ್ಲಿ ಇರುವಂತಿರಲಿಲ್ಲ. ಪಾಳ್ಯದ ಹತ್ತಿರ ಅವ್ವನ ತವರಿನಲ್ಲಿ ನಮಗೆ ಒಂದು ತುಂಡು ಜಾಗ ಕೊಟ್ಟರು. ಆ ಹೊತ್ತಿಗೆ ನನಗೆ ಮದುವೆಯ ವಯಸ್ಸಾಗಿತ್ತು. ಗಂಡು ನೋಡುವ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ನಾನೂ ಎತ್ತಲಿಲ್ಲ. ಅಪ್ಪ ಮನೆ ಕಟ್ಟಲು ನಿಂತ. ಪಾಯ ತೆಗೆಯುವ ಮೊದಲು ಬಯಲಿನಲ್ಲಿ ಸುಣ್ಣದ ಗೆರೆ ಎಳೆದು, ನನ್ನನ್ನು ಗಾಲಿಮಣೆಯ ಮೇಲೆ ಕೂರಿಸಿ, ಇಲ್ಲದ ಮನೆಯೊಳಗೆ ಓಡಾಡಿಸಿದ. "ಇಲ್ಲಿ ಒಲೆ. ತಿರುಗು. ಮಂಡಿ ತಗಲ್ತದಾ? ಇಲ್ಲಿ ಬಚ್ಲು. ಈಗ ಬಾಗ್ಲು ಹಾಕ್ಕೋ." ನಾನು ಗಾಳಿಯಲ್ಲಿ ಬಾಗಿಲು ಹಾಕಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಗುತ್ತಿದ್ದರು.

ಗೋಡೆ ಎದ್ದು ಬಾಗಿಲುವಾಡ ನಿಲ್ಲಿಸುವ ದಿನ ಗಲಾಟೆ ಆಯಿತು. ಅಪ್ಪ ಹೊಸಿಲೇ ಬೇಡ ಅಂದಿದ್ದ. ಅವ್ವನ ಅಣ್ಣ ಜವರಪ್ಪ ಮಾವ ಪೂಜೆಗೆ ಅಂತ ಬಂದವನು ಹಣ್ಣುಕಾಯಿ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟ.

"ಏನ್ ಬಾವಾ, ಹೊಸ್ಲಿಲ್ದೆ ಬಾಗ್ಲು ನಿಲ್ಸೋದಾ? ದನದ ಕೊಟ್ಗೆಗೂ ಒಂದ್ ಅಡ್ಡಪಟ್ಟಿ ಇರ್ತದಲ್ಲ ಮಾರಾಯ!"

"ಚಂದ್ರಿ ಹೆಂಗೆ ದಾಟ್ತಾಳೆ?"

"ಎತ್ತಿ ದಾಟ್ಸೋದು. ಮನೆ ತುಂಬ ಜನ ಅವ್ರೆ."

"ಮನೆ ತುಂಬ ಜನ ಯಾವಾಗ್ಲೂ ಇರ್ತಾರಾ?" ಅಂದ ಅಪ್ಪ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಸ್ಟೇಟಿನ ಲೈನಿನಲ್ಲಿ ಆಯಸ್ಸು ಕಳೆದು, ಸ್ವಂತದ್ದೊಂದು ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಬೇಕು ಅಂತ ಕಾದಿದ್ದವಳು ಅವಳು. ಅಪ್ಪ ಆ ಕಣ್ಣೀರು ನೋಡಿ, ಬಡಗಿಗೆ ಸುಮ್ಮನಿರು ಅಂದು, ಮರಳ ಗುಡ್ಡೆಯ ಮೇಲೆ ಕೂತು ಬೀಡಿ ಹಚ್ಚಿದ. ಆಮೇಲೆ ಎದ್ದು ಹಾರೆ ತಗೊಂಡು ಬಾಗಿಲ ಅಡಿಯ ನೆಲವನ್ನು ತಾನೇ ಕೊರೆದ. ಹೊಸಿಲ ಮರವನ್ನು ಆ ತೋಡಿನಲ್ಲಿ ಇಳಿಸಿದ. ಮರದ ಮೇಲ್ಮೈ ನೆಲದ ಮಟ್ಟಕ್ಕೆ ಸರಿಯಾಗಿ ಬಂದು ಕೂತಿತು.

"ಹೊಸ್ಲು ಐತೆ," ಅಂದ. "ಮಲಗೈತೆ ಅಷ್ಟೆ."

ಜವರಪ್ಪ ಮಾವ ಕಾಯಿ ಒಡೆದ. ಅವ್ವ ಬಗ್ಗಿ ಅರಿಶಿನ ಹಚ್ಚಿದಳು. ಮೊದಮೊದಲು ನನ್ನ ಗಾಲಿ ಹರಿದು ರಂಗೋಲಿ ಅಳಿಸಿಹೋದಾಗ ರೇಗುತ್ತಿದ್ದಳು. ಆಮೇಲೆ ಎರಡು ಪಕ್ಕಕ್ಕೆ ಎರಡು ಹೂವು ಬರೆದು ನಡುವೆ ನನಗೆ ದಾರಿ ಬಿಡಲು ಕಲಿತಳು.

ಆ ಮನೆಯಲ್ಲಿ ಎಲ್ಲವೂ ಕೆಳಗೆ. ಒಲೆಯ ಕಟ್ಟೆ ಮೊಳಕಾಲೆತ್ತರಕ್ಕೆ, ಸ್ವಿಚ್ಚುಗಳು ಅದಕ್ಕಿಂತ ಸ್ವಲ್ಪ ಮೇಲೆ, ಕಿಟಕಿಗಳು ನೆಲದ ಹತ್ತಿರದಿಂದಲೇ ಶುರು. ಗೋಡೆಯುದ್ದಕ್ಕೂ ಒಂದು ಕಬ್ಬಿಣದ ಪೈಪು, ಕೈ ಊರಿ ಎಳೆದುಕೊಳ್ಳಲು. ಬಂದವರು ಸೊಂಟ ಬಗ್ಗಿಸಿ ದೀಪ ಹಾಕಬೇಕು. ಅಪ್ಪನೂ ಬಗ್ಗುತ್ತಿದ್ದ, ಅವ್ವನೂ. ನಾನು ಹೊಲಿಗೆ ಕಲಿತಾಗ ಅಪ್ಪ ಕಾಲಿನಲ್ಲಿ ತುಳಿಯುವ ಮಷೀನಿನ ಕೆಳಗಿನ ಸ್ಟ್ಯಾಂಡು ಬಿಚ್ಚಿ, ತಲೆಯನ್ನು ಮಾತ್ರ ಒಂದು ಮಣೆಯ ಮೇಲೆ ಕೂರಿಸಿ, ಪಕ್ಕಕ್ಕೆ ಕೈಹಿಡಿ ಹಾಕಿಕೊಟ್ಟ. ಊರಿನ ಹೆಂಗಸರ ರವಿಕೆಗಳೆಲ್ಲ ನನ್ನ ಹತ್ತಿರ ಬಂದವು. ಅಳತೆ ಕೊಡಲು ಬಂದವರು ಚಾಪೆಯ ಮೇಲೆ ಕೂತು, ಕಷ್ಟ ಸುಖ ಹೇಳಿಕೊಂಡು, ಎದ್ದು ಹೋಗುತ್ತಿದ್ದರು.

ಎಲ್ಲರೂ ನಮ್ಮ ಮನೆಗೆ ಬರುತ್ತಿದ್ದರು. ನಾನು ಯಾರ ಮನೆಗೂ ಹೋಗುವಂತಿರಲಿಲ್ಲ. ನಮ್ಮ ಕಡೆ ಇಳಿಜಾರಿನಲ್ಲಿ ಮನೆ ಕಟ್ಟುವುದರಿಂದ ನಮ್ಮದೊಂದನ್ನು ಬಿಟ್ಟು ಎಲ್ಲ ಮನೆಗಳಿಗೂ ಕಲ್ಲಿನ ಮೆಟ್ಟಿಲು. ಎದುರು ಮನೆಯ ಚೆಲುವಕ್ಕ ದಿನಾ ಬಂದು ಹರಟೆ ಹೊಡೆಯುತ್ತಿದ್ದಳು. ಅವಳ ಅಡುಗೆಮನೆಯ ಗೋಡೆಗೆ ಯಾವ ಬಣ್ಣ ಅಂತ ನನಗೆ ಗೊತ್ತಿರಲಿಲ್ಲ. ಒಮ್ಮೆ ಅಪ್ಪನಿಗೆ ಹೇಳಿದೆ, ಅಲ್ಲೂ ಒಂದು ಇಳಿಜಾರು ಹಾಕಬಾರದಾ ಅಂತ. ಅವನು ದಾರಿಯಾಚೆಯ ಆ ಮೆಟ್ಟಿಲ ಕಡೆ ನೋಡಿದ.

"ಬ್ಯಾರೇರ್ ಬಾಗ್ಲಿಗೆ ನಾನ್ ಹೆಂಗ್ ಕೈ ಹಾಕ್ಲಿ ಮಗಾ?"

ಅವ್ವ ಸಕ್ಕರೆ ಕಾಯಿಲೆಯಲ್ಲಿ ಹೋದಳು. ತಮ್ಮ ಶಿವು ಲೈನ್‌ಮನ್ ಕೆಲಸ ಸಿಕ್ಕಿ ಹಾಸನದಲ್ಲಿ ಮನೆ ಮಾಡಿದ, ಮದುವೆಯಾದ. ಮನೆಯಲ್ಲಿ ಅಪ್ಪ ಮತ್ತು ನಾನು ಉಳಿದೆವು. ಬೆಳಿಗ್ಗೆ ನಾನು ರಾಗಿ ಮುದ್ದೆ ತಿರುವಿದರೆ ಅವನು ಸೊಪ್ಪು ಬಿಡಿಸುತ್ತಿದ್ದ. ಮಾಡಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಗಾಲಿಗೆ ಎಣ್ಣೆ ಬಿಡುವುದು, ಚೆನ್ನಾಗಿಯೇ ಇದ್ದ ಕಂಬಿಯನ್ನು ಅಲ್ಲಾಡಿಸಿ ನೋಡುವುದು. ಸುಮ್ಮನೆ ಕೂರಲು ಅವನಿಗೆ ಬರುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಹಿತ್ತಿಲಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅಪ್ಪ ಸೌದೆಯ ಪಕ್ಕದಲ್ಲಿ ಬಿದ್ದಿದ್ದ. ಬಾಯಿ ಒಂದು ಕಡೆ ಎಳೆದಿತ್ತು. ನಾನು ಎತ್ತಲಾರೆ. ಶಿವುಗೆ ಫೋನು ಮಾಡಿದೆ, ಅವನು ಎಲ್ಲೋ ಕಂಬದ ಮೇಲಿದ್ದನೋ ಏನೋ, ಎತ್ತಲಿಲ್ಲ. ಮಣೆ ತಳ್ಳಿಕೊಂಡು ದಾರಿ ದಾಟಿ ಚೆಲುವಕ್ಕನ ಮನೆಯ ಮೆಟ್ಟಿಲ ಬುಡಕ್ಕೆ ಹೋದೆ. ಒಳಗೆ ಟಿವಿ ದೊಡ್ಡದಾಗಿ ಓಡುತ್ತಿತ್ತು. ಮೆಟ್ಟಿಲ ಕೆಳಗೆ ಕೂತು ಕೂಗಿದೆ, ಗಂಟಲು ಬತ್ತುವವರೆಗೆ ಕೂಗಿದೆ. ಕೊನೆಗೆ ಒಂದು ಕಲ್ಲು ತಗೊಂಡು ಅವರ ಬಾಗಿಲಿಗೆ ಎಸೆದೆ. ಚೆಲುವಕ್ಕ ಬೈಯುತ್ತಲೇ ಹೊರಗೆ ಬಂದಳು, ನನ್ನ ಮುಖ ನೋಡಿ ಓಡಿ ಇಳಿದಳು.

ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಬಂದಾಗ ಅಪ್ಪನ ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದ್ದವು. ಯಾರಾದರೂ ಹಿಡಿದರೆ ನಿಲ್ಲುತ್ತಿದ್ದ. ಅವನೇ ಕಟ್ಟಿದ ಮನೆ ಅವನಿಗೆ ಒಗ್ಗಲಿಲ್ಲ. ಗೋಡೆಯ ಪೈಪು ಅವನ ಮಂಡಿಯ ಹತ್ತಿರ. ಹಿಡಿಯಲು ಬಗ್ಗಿದರೆ ಮುಗ್ಗರಿಸುತ್ತಿದ್ದ. ಒಂದು ಬೆಳಿಗ್ಗೆ ನಾನು ಎದ್ದಾಗ ಅವನು ನನ್ನ ಗಾಲಿಮಣೆಯ ಮೇಲೆ ಕೂರಲು ನೋಡಿ, ಕೂರಲಾಗದೆ, ಅದರ ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿ ಬಿದ್ದಿದ್ದ. ಆ ದಿನ ಪಾಳ್ಯದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಪ್ರವೀಣನಿಗೆ ಫೋನು ಮಾಡಿದೆ.

"ಎಷ್ಟ್ ಎತ್ತರಕ್ಕೆ ಹಾಕ್ಲಿ ಅಕ್ಕ?" ಅಂದ ಪ್ರವೀಣ.

ನನಗೆ ಗೊತ್ತಿರಲಿಲ್ಲ. ನಿಂತ ಮನುಷ್ಯನ ಕೈ ಎಲ್ಲಿಗೆ ಬರುತ್ತದೆ ಅಂತ ನಾನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಪ್ರವೀಣನನ್ನೇ ನಿಲ್ಲಿಸಿ, ಕೈ ಇಳಿಬಿಡಲು ಹೇಳಿ, ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿಸಿದೆ. ಮಂಚದಿಂದ ಬಚ್ಚಲಿಗೆ, ಅಲ್ಲಿಂದ ಜಗಲಿಗೆ ಪೈಪು ಹಾಕಿದ್ದಾಯಿತು. ಅಪ್ಪ ಎಡಗೈಯಲ್ಲಿ ಹಿಡಿದು ಎದ್ದು ನಿಂತ. ನಿಂತು, ನನ್ನನ್ನು ನೋಡಿ, ಸೊಟ್ಟ ಬಾಯಲ್ಲಿ ಅಂದ:

"ಗಿಡ್ಡ ಆಯ್ತು ಕಣವ್ವ."

ಆಗಲೇ ನನಗೆ ತಿಳಿದದ್ದು ಅಪ್ಪ ಎಷ್ಟು ಎತ್ತರದ ಆಳು ಅಂತ. ನನ್ನ ಹತ್ತಿರ ಬಂದಾಗಲೆಲ್ಲ ಅವನು ಕುಕ್ಕರಗಾಲಿನಲ್ಲಿ ಕೂರುತ್ತಿದ್ದ, ಇಲ್ಲವೇ ಬಗ್ಗುತ್ತಿದ್ದ. ಪೈಪು ಬಿಚ್ಚಿಸಿ ಮೇಲಕ್ಕೆ ಹಾಕಿಸಿದೆ. ಕಬ್ಬಿಣದ ಕುರ್ಚಿಯೊಂದರ ನಡುವೆ ತೂತು ಕತ್ತರಿಸಿ ಕಕ್ಕಸಿನ ಗುಂಡಿಯ ಮೇಲೆ ನಿಲ್ಲಿಸಿದೆವು. ಎಡಗೈಯಲ್ಲಿ ಉಣ್ಣಲು ತಟ್ಟೆಗೆ ಒಂದು ಪಕ್ಕ ಅಂಚು ಎತ್ತಿಸಿದೆ, ಅನ್ನ ಹೊರಗೆ ಜಾರದಂತೆ. ಪ್ರವೀಣ ಕೆಲಸ ಮಾಡುವಾಗ ಅಪ್ಪ ಮಂಚದಿಂದ ಕಣ್ಣಲ್ಲೇ ಸೂಚನೆ ಕೊಡುತ್ತಿದ್ದ. ಅರ್ಧ ನನಗೆ ಅರ್ಥವಾಗುತ್ತಿತ್ತು, ಅರ್ಧಕ್ಕೆ ಇಬ್ಬರೂ ನಗುತ್ತಿದ್ದೆವು.

ಈಗ ಅವನು ನನ್ನನ್ನು ಕೂಗತೊಡಗಿದ. "ಚಂದ್ರೀ" ಅನ್ನುವುದು ಅವನ ಬಾಯಲ್ಲಿ "ತಂಡೀ" ಆಗಿತ್ತು. ದಿಂಬು ಸರಿಸು, ತಂಡೀ. ರೇಡಿಯೋ ಹಾಕು, ತಂಡೀ. ನಾನು ಮಷೀನು ನಿಲ್ಲಿಸಿ ಹೋಗುತ್ತಿದ್ದೆ. ಪ್ರವೀಣ ಒಮ್ಮೆ, "ಮಂಚದ ಪಕ್ಕಕ್ಕೇ ನೀರಿನ್ ನಲ್ಲಿ ಎಳ್ದು ಕೊಡ್ಲಾ ಅಕ್ಕ? ಅಜ್ಜ ಯಾರ್ನೂ ಕೇಳ್ದೆ ಕುಡೀಬೋದು," ಅಂದ. ನಾನು ಬಾಯಿ ತೆರೆಯುವ ಮೊದಲು ಅಪ್ಪ ಅಂದ, "ಬ್ಯಾಡ ಬುಡು ಪ್ರವೀಣ. ಅದೊಂದ್ ಇರ್ಲಿ." ಅಪ್ಪನಿಗೆ ಕೊನೆಯವರೆಗೂ ನೀರು ಕೊಟ್ಟದ್ದು ನಾನೇ. ಮಾಗಿಯ ಚಳಿ ಮುಗಿಯುವ ಕಾಲಕ್ಕೆ, ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ.

ಮಣ್ಣು ಮಾಡಿದ ಮೇಲೆ ಶಿವು ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋದ. "ಒಬ್ಳೇ ಇಲ್ಲಿ ಹೆಂಗ್ ಇರ್ತೀಯಕ್ಕ? ಜನ ನನಗೆ ಉಗೀತಾರೆ," ಅಂದ. ಅವನ ಮನೆ ಮಹಡಿಯ ಮೇಲೆ. ಅವನೂ ಪಕ್ಕದ ಮನೆಯವನೂ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಹತ್ತಿಸಿದರು. ಅವನ ಹೆಂಡತಿ ವಾಣಿ ಒಳ್ಳೆಯವಳು. ಒಂದು ಮಾತು ಅಂದವಳಲ್ಲ. ನನಗೆ ಬೆಳಕಿನ ಕೋಣೆ ಬಿಟ್ಟುಕೊಟ್ಟಳು. ಆದರೆ ಆ ಮನೆಯಲ್ಲಿ ಎಲ್ಲವೂ ಮೇಲೆ. ನೀರು ಬೇಕಾದರೆ "ವಾಣೀ" ಅನ್ನಬೇಕು. ಬಚ್ಚಲಿಗೆ ಹೋಗಲು "ವಾಣೀ". ಫ್ಯಾನು ಹಾಕಲು, ಕಿಟಕಿ ತೆರೆಯಲು "ವಾಣೀ". ಅವಳು ಕೈ ಒರೆಸಿಕೊಂಡು, "ಬಂದೆ ಅಕ್ಕ," ಅನ್ನುತ್ತ ಬರುತ್ತಿದ್ದಳು. ಕೂಗುವುದು ನನಗೆ ಮರೆತೇ ಹೋಗಿತ್ತು. ಬರಬರುತ್ತ ನಾನು ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಉರಿಮೂತ್ರವಾಗಿ ಜ್ವರ ಬಂದಾಗ ಡಾಕ್ಟರು ಯಾಕಮ್ಮ ನೀರು ಕುಡಿಯುವುದಿಲ್ಲ ಅಂತ ಬೈದರು. ವಾಣಿ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು ಅಂತ ಕಾಣುತ್ತದೆ.

"ಶಿವು, ನನ್ನ ಊರಿಗೆ ಬುಟ್ಬುಡು," ಅಂದೆ.

"ನಾವೇನಾರ ಅಂದ್ವಾ ಅಕ್ಕ?"

"ಇಲ್ಲ ಕಣೋ. ನೀವ್ ಏನೂ ಅಂದಿಲ್ಲ. ಅಲ್ಲಿ ಎಲ್ಲಾ ಕೈಗೆ ಸಿಗ್ತದೆ."

ಅವನು ಜಗಳವಾಡಿದ, ಕೊನೆಗೆ ಒಂದು ಭಾನುವಾರ ಕಾರು ಮಾಡಿಕೊಂಡು ತಂದು ಬಿಟ್ಟ. ಹೋಗುವಾಗ ಬಾಗಿಲಲ್ಲಿ ನಿಂತು, "ದಿನಾ ಫೋನ್ ಮಾಡ್ತೀನಿ," ಅಂದ. ಮಾಡುತ್ತಾನೆ. ಉಂಡೆಯಾ ಅನ್ನುತ್ತಾನೆ, ಉಂಡೆ ಅನ್ನುತ್ತೇನೆ.

ಮನೆಯಲ್ಲಿ ಎಲ್ಲವೂ ಕೈಗೆ ಸಿಗುತ್ತದೆ, ನಿಜ. ಬೆಳಿಗ್ಗೆ ಹಗ್ಗ ಹಿಡಿದು ಏಳುತ್ತೇನೆ, ಬಚ್ಚಲು ಮುಗಿಸುತ್ತೇನೆ, ಒಲೆ ಹಚ್ಚುತ್ತೇನೆ. ಯಾವುದಕ್ಕೂ ಯಾರೂ ಬೇಕಿಲ್ಲ. ಕೆಲವು ದಿನ ಸಂಜೆಯವರೆಗೂ ನನ್ನ ಗಂಟಲಿನಿಂದ ಒಂದು ಮಾತು ಹೊರಟಿರುವುದಿಲ್ಲ. ಈಗ ಹುಡುಗಿಯರು ಸಕಲೇಶಪುರಕ್ಕೋ ಹಾಸನಕ್ಕೋ ಹೋಗಿ ಸಿದ್ಧ ಬಟ್ಟೆ ತರುತ್ತಾರೆ. ರವಿಕೆ ಹೊಲಿಸುವವರು ಕಡಿಮೆ. ಅಪ್ಪನಿಗೆ ಅಂತ ಹಾಕಿಸಿದ ಮೇಲಿನ ಪೈಪಿಗೆ ಧೂಳು ಕೂರುತ್ತದೆ. ಅಲ್ಲಿಗೆ ನನ್ನ ಕೈ ಎಟಕುವುದಿಲ್ಲ. ಬಂದವರಿಗೆ ಒರೆಸಿ ಅಂತ ಹೇಳಲು ಮನಸ್ಸು ಬರುವುದಿಲ್ಲ. ಅಪ್ಪ ಈ ಮನೆ ಕಟ್ಟುವಾಗ ನಾನು ಒಬ್ಬಳೇ ಇರಬಲ್ಲೆನಾ ಅಂತ ಎಲ್ಲ ಕಡೆಯಿಂದಲೂ ಯೋಚಿಸಿದ್ದ. ಒಬ್ಬಳೇ ಇದ್ದು ಮಾಡುವುದೇನು ಅನ್ನುವುದು ಅವನ ಕೆಲಸವಾಗಿರಲಿಲ್ಲ.

ಹೋದ ವರ್ಷ ಚೆಲುವಕ್ಕ ತನ್ನ ಮೆಟ್ಟಿಲ ಮೇಲೇ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ ಆಗಿ ಬಂದವಳು ಮನೆ ಬಿಟ್ಟು ಇಳಿಯಲಾರಳು. ಅವಳು ಬರುವುದು ನಿಂತ ಮೇಲೆ ನನ್ನ ದಿನ ಇನ್ನೂ ಉದ್ದವಾಯಿತು. ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದೆವು, ನಡುವೆ ಒಂದು ಗಾಡಿ ದಾರಿ ಮಾತ್ರ. ಅವಳ ಮಗ ವಸಂತ ಒಂದು ಸಂಜೆ ಬಂದು ಚಾಪೆಯ ಮೇಲೆ ಕೂತ.

"ಅಕ್ಕ, ಅವ್ವಂಗೆ ಗಾಲಿ ಕುರ್ಚಿ ತಂದಿವ್ನಿ. ಮೆಟ್ಲು ಇಳ್ಸೋಕಾಗ್ತಿಲ್ಲ. ಏನ್ ಮಾಡಾಣ ಹೇಳಿ."

ಮಾರನೆಯ ದಿನ ಮಣೆಯ ಮೇಲೆ ಹೋಗಿ ಅವರ ಮೆಟ್ಟಿಲ ಮುಂದೆ ಕೂತೆ. ಪ್ರವೀಣನೂ ಬಂದ. ನೇರವಾಗಿ ಇಳಿಜಾರು ಹಾಕಿದರೆ ಕಡಿದಾಗುತ್ತದೆ, ಕುರ್ಚಿ ಉರುಳುತ್ತದೆ. ದನದ ಕೊಟ್ಟಿಗೆಯ ಪಕ್ಕದಿಂದ ಸುತ್ತಿಸಿ, ನಡುವೆ ಒಂದು ಸಮತಟ್ಟು ಬಿಟ್ಟು ತಿರುಗಿಸಿದರೆ ಆಗುತ್ತದೆ ಅಂದೆ. ವಸಂತ ನಾಲ್ಕು ಕಾಫಿ ಗಿಡ ಹೋಗುತ್ತವೆ ಅಂದ. ಒಳಗಿನಿಂದ ಚೆಲುವಕ್ಕ ಕೂಗಿದಳು: "ಹೋಗ್ಲಿ ಬುಡೋ! ಗಿಡ ಹತ್ಕಂಡು ಆಚೆಗ್ ಹೋಗ್ಲಾ ನಾನು?"

ಕಾಂಕ್ರೀಟು ಒಣಗಿದ ಮೇಲೆ ವಸಂತ ಮೊದಲು ತಾಯಿಯನ್ನು ಇಳಿಸಬೇಕು ಅಂತಿದ್ದ. ಚೆಲುವಕ್ಕ ಒಪ್ಪಲಿಲ್ಲ. "ಮೊದ್ಲು ಚಂದ್ರಿ ಮ್ಯಾಲಕ್ ಬರ್ಲಿ," ಅಂದಳಂತೆ.

ಹತ್ತಿದೆ. ಸಮತಟ್ಟಿನಲ್ಲಿ ನಿಂತು ದಣಿವಾರಿಸಿಕೊಂಡೆ. ಬಾಗಿಲ ಹೊಸಿಲು ಎತ್ತರಕ್ಕಿತ್ತು. ವಸಂತ ಒಂದು ಹಲಗೆ ಇಟ್ಟು ಹಿಡಿದ. ಒಳಗೆ ಕತ್ತಲು ಕತ್ತಲು. ನಡುಮನೆಯಲ್ಲಿ ಅವಳ ಗಂಡನ ಫೋಟೋ, ಮೂಲೆಯಲ್ಲಿ ಮೆಣಸಿನ ಚೀಲ. ಅಡುಗೆಮನೆಯ ಗೋಡೆಗೆ ಗಿಳಿಹಸಿರು ಬಣ್ಣ, ಹೊಗೆ ಹಿಡಿದು ಅರ್ಧ ಕಪ್ಪು. ಚೆಲುವಕ್ಕ ಕುರ್ಚಿಯಲ್ಲಿ ಕೂತೇ ನನಗೆ ಅಕ್ಕಿ ರೊಟ್ಟಿ, ಕಳಲೆ ಪಲ್ಯ ಬಡಿಸಿದಳು. ಬಡಿಸುವಾಗ ಅವಳ ಕೈ ನನ್ನ ತಟ್ಟೆಗೆ ಎಟಕಲಿಲ್ಲ, ನಾನೇ ತಟ್ಟೆ ಎತ್ತಿ ಹಿಡಿದೆ.

"ನಿಮ್ಮಪ್ಪ ಇರ್ಬೇಕಿತ್ತು ಕಣೆ," ಅಂದಳು.

"ಹೂಂ."

"ನಂಗೊಂದ್ ಮಾತ್ ಅವತ್ತೇ ಕೇಳಿದ್ರೆ ಹಾಕಿಸ್ಬುಡ್ತಿದ್ದೆ. ಯಾಕೆ ಕೇಳ್ನಿಲ್ಲ ನೀವು?"

ರೊಟ್ಟಿ ತಿಂದೆ. ಅವಳು ಮಗಳ ಮನೆಯ ವಿಷಯ ತೆಗೆದಳು. ಆನೇಮಹಲ್‌ನಲ್ಲಿ ಮಗಳಿಗೆ ಹೆರಿಗೆ ಹತ್ತಿರ ಬಂದಿತ್ತು, ಕುರ್ಚಿಯಲ್ಲಾದರೂ ಸರಿ ಹೋಗಿ ಒಂದಷ್ಟು ದಿನ ಇದ್ದು ಬರುತ್ತೇನೆ, ಈಗ ಇಳಿಯಲು ದಾರಿ ಆಯಿತಲ್ಲ, ಅಂದಳು. ಯಾವಾಗ ಬರ್ತೀಯ ಅಂತ ಕೇಳಿದೆ. ಮಗು ಸ್ವಲ್ಪ ದೊಡ್ಡದಾಗಲಿ ಅಂದಳು.

ಮುಂದಿನ ವಾರ ಅವಳು ಹೊರಟಳು. ವಸಂತ ಇಳಿಜಾರಿನಲ್ಲಿ ಕುರ್ಚಿ ಹಿಡಿದು ನಿಧಾನವಾಗಿ ಇಳಿಸಿದ. ಕಾರಿನ ಕಿಟಕಿಯಿಂದ ಅವಳು ಕೈ ಆಡಿಸಿದಳು, ನಾನೂ ಆಡಿಸಿದೆ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದೆ. ಪ್ರವೀಣನ ಹೆಂಡತಿ ಶೃತಿಯ ಸೀರೆಗೆ ಫಾಲ್ಸ್ ಹಚ್ಚುವುದು ಬಾಕಿ ಇತ್ತು. ಬೆಳಕಿರುವಾಗಲೇ ಮುಗಿಸೋಣ ಅಂತ ಕಿಟಕಿಯ ಹತ್ತಿರ ಕೂತು ಸೂಜಿಗೆ ದಾರ ಪೋಣಿಸಿದೆ.